ಗೆಲಿಲಿಯೊ ಯಾರಿಗೆ ಉತ್ತರ ಕೊಡಬೇಕಿತ್ತು?

ಬರ್ಟೋಲ್ಟ್ ಬ್ರೆಕ್ಟ್‌ನ ‘ಗೆಲಿಲಿಯೊನ ಜೀವನ’ ನಾಟಕವನ್ನು ವಿಜ್ಞಾನಕ್ಕೂ ಮತಕ್ಕೂ ನಡೆದ ಕಾಳಗವೆಂದು ಓದುವವರೇ ಹೆಚ್ಚು. ಹಾಗೆ ಓದಿದರೆ ಅದರ ಅತ್ಯುತ್ತಮ ದೃಶ್ಯವೇ ಕೈತಪ್ಪುತ್ತದೆ. ಗುರುಗ್ರಹದ ಉಪಗ್ರಹಗಳನ್ನು ದೂರದರ್ಶಕದಲ್ಲಿ ಕಂಡವನ ಬಳಿಗೆ ಒಬ್ಬ ಎಳೆಯ ಸನ್ಯಾಸಿ ಬರುತ್ತಾನೆ. ಅವನೂ ಖಗೋಳಶಾಸ್ತ್ರ ಕಲಿತವನು. ಗೆಲಿಲಿಯೊ ಹೇಳುತ್ತಿರುವುದು ನಿಜವೆಂದು ಬಲ್ಲ. ಆದರೂ ಆ ಶಾಸ್ತ್ರವನ್ನು ಬಿಟ್ಟುಬಿಡಲು ನಿರ್ಧರಿಸಿದ್ದಾನೆ. ಕಾರಣ, ಹಳ್ಳಿಯಲ್ಲಿ ಹೊಲ ಗೇಯುವ ಅವನ ತಂದೆತಾಯಿ. ದೇವರ ಕಣ್ಣು ತಮ್ಮ ಮೇಲಿದೆ, ತಾವು ಪಡುವ ಪಾಡು ಒಂದು ಪರೀಕ್ಷೆ ಎಂಬ ನೆಚ್ಚಿಕೆಯಲ್ಲಿ ಅವರು ದಿನ ದೂಡುತ್ತಿದ್ದಾರೆ. ಭೂಮಿಯೆಂಬುದು ಶೂನ್ಯದಲ್ಲಿ ಸುತ್ತುವ ಪುಟ್ಟ ಗೋಳ ಎಂದುಬಿಟ್ಟರೆ ಅವರ ಹಸಿವಿಗಿದ್ದ ಅರ್ಥವೇ ಹೋಗುತ್ತದೆ.

ಮಾರ್ಕ್ಸ್‌ವಾದಿಯಾಗಿದ್ದ ಬ್ರೆಕ್ಟ್ ನಂಬಿಕೆಯ ಪರವಾಗಿ ಇಷ್ಟು ಗಟ್ಟಿಯಾದ ವಾದ ಬರೆದಿದ್ದಾನಲ್ಲ, ಅದು ಅವನ ದೊಡ್ಡತನ. ಗೆಲಿಲಿಯೊನ ಉತ್ತರವೂ ತೀಕ್ಷ್ಣವಾಗಿದೆ: ಪೋಪನ ಯುದ್ಧಗಳ ಖರ್ಚು ಹೊರುತ್ತಿರುವವರು ಆ ರೈತರೇ, ಪೀಠ ಜಗತ್ತಿನ ನಡುವೆ ಉಳಿಯಬೇಕೆಂದೇ ಭೂಮಿಯನ್ನು ನಡುವೆ ಇಟ್ಟಿದ್ದಾರೆ, ರೈತರ ಮೈಮುರಿಯುವ ದುಡಿಮೆಗಿಂತ ತನ್ನ ನೀರೆತ್ತುವ ಪಂಪುಗಳು ಹೆಚ್ಚು ಪವಾಡ ಮಾಡಬಲ್ಲವು. ಆದರೆ ಸನ್ಯಾಸಿಯ ಪ್ರಶ್ನೆ ಅಷ್ಟಕ್ಕೆ ಮುಗಿಯುವುದಿಲ್ಲ. ಒಬ್ಬರ ಸಮಾಧಾನವನ್ನು ಕಿತ್ತುಕೊಂಡವನು ಆ ಜಾಗದಲ್ಲಿ ಏನನ್ನು ಇಡುತ್ತಾನೆ? ಗೆಲಿಲಿಯೊ ಇಡುವುದು ಒಂದು ಭರವಸೆಯನ್ನು: ತಿಳಿವಳಿಕೆ ನಿಮ್ಮ ಬೆನ್ನಿನ ಭಾರ ಇಳಿಸುತ್ತದೆ. ನಾಟಕದ ನೈತಿಕ ಲೆಕ್ಕ ಶುರುವಾಗುವುದು ಇಲ್ಲಿಂದ.

1633ರ ಜೂನ್ 22ರಂದು ಗೆಲಿಲಿಯೊ ಭೂಮಿ ಸುತ್ತುತ್ತದೆಂಬ ತನ್ನ ಮಾತನ್ನು ಹಿಂತೆಗೆದುಕೊಂಡ. ಇದನ್ನು ಬ್ರೆಕ್ಟ್ ಒಂದೇ ಬಗೆಯಲ್ಲಿ ಕಾಣಲಿಲ್ಲ. ಡೆನ್ಮಾರ್ಕ್‌ನಲ್ಲಿ ದೇಶಭ್ರಷ್ಟನಾಗಿದ್ದಾಗ, 1938–39ರಲ್ಲಿ ಬರೆದ ಮೊದಲ ರೂಪದಲ್ಲಿ ಗೆಲಿಲಿಯೊ ಜಾಣ: ಹೊರಗೆ ತಲೆಬಾಗಿ, ಒಳಗೊಳಗೇ ಗ್ರಂಥ ಬರೆದು ಗಡಿ ದಾಟಿಸುತ್ತಾನೆ. ನಟ ಚಾರ್ಲ್ಸ್ ಲಾಟನ್ ಜೊತೆ ಅದನ್ನು ತಿದ್ದುತ್ತಿದ್ದಾಗಲೇ ಹಿರೋಶಿಮಾದ ಮೇಲೆ ಬಾಂಬು ಬಿತ್ತು. 1947ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ಆಡಿಸಿದ ರೂಪದಲ್ಲಿ ಅದೇ ಮುದುಕ ತನ್ನನ್ನು ತಾನೇ ದ್ರೋಹಿಯೆಂದು ಕರೆದುಕೊಳ್ಳುತ್ತಾನೆ. ಅರಿವನ್ನು ಆಳುವವರ ಕೈಗೆ ಒಪ್ಪಿಸಿದ್ದೇ ಅವನ ಅಪರಾಧ.

ಈ ತಿದ್ದುಪಡಿಯ ನೋವು ಪ್ರಾಮಾಣಿಕವಾದದ್ದು. ವಾದದಲ್ಲಿ ಮಾತ್ರ ಬಿರುಕಿದೆ. ಒಬ್ಬ ವಿಜ್ಞಾನಿ ಗಟ್ಟಿಯಾಗಿ ನಿಂತಿದ್ದರೆ ಅಧಿಕಾರ ಅಲುಗುತ್ತಿತ್ತು ಎಂದು ಅದು ಸೂಚಿಸುತ್ತದೆ. ಇತಿಹಾಸದ ಸಾಕ್ಷ್ಯ ಬೇರೆ. ಜರ್ಮನಿ ಬಾಂಬು ಮಾಡುತ್ತಿಲ್ಲವೆಂದು ತಿಳಿದು ಭೌತವಿಜ್ಞಾನಿ ಜೋಸೆಫ್ ರಾಟ್‌ಬ್ಲಾಟ್ 1944ರ ಕೊನೆಗೆ, ಅಮೆರಿಕದ ಅಣುಬಾಂಬು ತಯಾರಾಗುತ್ತಿದ್ದ ಲಾಸ್ ಅಲಮೋಸ್ ಬಿಟ್ಟು ಹೊರಟ. ಕೆಲಸ ನಿಲ್ಲಲಿಲ್ಲ, ಬಾಂಬು ಬಿದ್ದೇ ಬಿತ್ತು. ಆದರೆ ಅವನ ನಿರಾಕರಣೆ ವ್ಯರ್ಥವಾಗಲಿಲ್ಲ. 1957ರಲ್ಲಿ ಕೆನಡಾದ ಪಗ್‌ವಾಶ್‌ನಲ್ಲಿ ಹಲವು ದೇಶಗಳ ವಿಜ್ಞಾನಿಗಳು ಅಣ್ವಸ್ತ್ರದ ಅಪಾಯವನ್ನು ಚರ್ಚಿಸಲು ಸೇರಿದಾಗ ಆ ಪ್ರಯತ್ನದ ಹಿಂದೆ ಅವನಿದ್ದ. 1995ರಲ್ಲಿ ಅಲ್ಲಿಂದ ಬೆಳೆದ ಸಂಘಟನೆಗೂ ಅವನಿಗೂ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಒಬ್ಬನ ಆತ್ಮಸಾಕ್ಷಿಗೆ ಬಲ ಬರುವುದು ಅದು ಹತ್ತು ಜನರ ಕೆಲಸವಾದಾಗ.

ಬ್ರೆಕ್ಟ್‌ಗೂ ಇದು ಗೊತ್ತಿತ್ತು ಎನ್ನಲು ನಾಟಕದಲ್ಲೇ ಪುರಾವೆಯಿದೆ. ಸ್ವತಃ ಗಣಿತ ಬಲ್ಲ ಕಾರ್ಡಿನಲ್ ಬಾರ್ಬೆರೀನಿ ಈಗ ಪೋಪ್ ಎಂಟನೇ ಅರ್ಬನ್. ಗೆಲಿಲಿಯೊನನ್ನು ಮುಟ್ಟಬೇಡಿ ಎಂದು ಮೊದಲು ಹಟ ಹಿಡಿಯುತ್ತಾನೆ. ಪೀಠದ ವಸ್ತ್ರಗಳನ್ನು ಒಂದೊಂದಾಗಿ ತೊಡಿಸುತ್ತಾ ಹೋದಂತೆ ಮಣಿಯುತ್ತಾನೆ, ಚಿತ್ರಹಿಂಸೆಯ ಸಲಕರಣೆಗಳನ್ನು ತೋರಿಸಲು ಒಪ್ಪುತ್ತಾನೆ. ಅಲ್ಲಿ ಸೋಲುವುದು ವಿಜ್ಞಾನವೂ ಅಲ್ಲ, ಭಕ್ತಿಯೂ ಅಲ್ಲ. ಪದವಿಯೊಳಗೆ ಸಿಕ್ಕಿಬಿದ್ದ ಮನುಷ್ಯ.

ಆದ್ದರಿಂದ ಮುದುಕ ಗೆಲಿಲಿಯೊನ ಸ್ವನಿಂದೆಯನ್ನು ಅಣುಬಾಂಬಿನ ಮೇಲಿನ ಉಪದೇಶವಾಗಿ ಆಡಿಸಿದರೆ ನಾಟಕ ಸೊರಗುತ್ತದೆ. ಸನ್ಯಾಸಿಯ ದೃಶ್ಯವನ್ನು ಕತ್ತರಿಸದೆ, ಆ ಮಾತುಗಳನ್ನು ಅವನ ತಂದೆತಾಯಿಗೆ ಹೇಳುವಂತೆ ಆಡಿಸಿದರೆ ಅದು ನಮ್ಮನ್ನು ತಟ್ಟುತ್ತದೆ. ನಂಬಿಕೆಯನ್ನು ಪ್ರಶ್ನಿಸುವ ಹಕ್ಕು ವಿಜ್ಞಾನಕ್ಕೆ ಇದ್ದೇ ಇದೆ. ಹಾಗೆ ಪ್ರಶ್ನಿಸಿದವನು, ಯಾರ ನೆಚ್ಚಿಕೆಯನ್ನು ಅಲುಗಿಸಿದನೋ ಅವರ ಬದುಕಿನ ಪಕ್ಕದಲ್ಲಿ ನಿಲ್ಲಬೇಕಾದ ಹೊಣೆಯನ್ನೂ ಅಂದೇ ಹೊತ್ತುಕೊಂಡಿರುತ್ತಾನೆ. ಗೆಲಿಲಿಯೊ ಮುರಿದದ್ದು ಆ ಮಾತನ್ನು.