ವಿಸ್ತರಿತ ವಾರಂಟಿ: ಬೆಲೆ ಮತ್ತು ಷರತ್ತು

ಲ್ಯಾಪ್‌ಟಾಪ್, ಟಿವಿ ಮೊದಲಾದ ವಸ್ತುಗಳಿಗೆ ತಯಾರಕರು ಸಾಮಾನ್ಯವಾಗಿ ಒಂದು ವರ್ಷದ ಮಟ್ಟಿಗೆ ಕೊಡುವ ದುರಸ್ತಿಯ ಭರವಸೆಯನ್ನು, ಪ್ರತ್ಯೇಕ ಹಣ ಪಡೆದು ಇನ್ನೂ ಕೆಲವು ವರ್ಷ ಮುಂದುವರಿಸುವ ಒಪ್ಪಂದವೇ ವಿಸ್ತರಿತ ವಾರಂಟಿ. ಮೂಲ ವಾರಂಟಿಯ ಖರ್ಚು ವಸ್ತುವಿನ ಬೆಲೆಯಲ್ಲೇ ಸೇರಿರುವುದರಿಂದ ತಯಾರಿಕೆ ಕಳಪೆಯಾದರೆ ನಷ್ಟ ತಯಾರಕನಿಗೇ ತಟ್ಟುತ್ತದೆ. ವಿಸ್ತರಣೆಯಲ್ಲಾದರೋ ಆ ನಷ್ಟದ ಭಾರವನ್ನು ಗ್ರಾಹಕನೇ ಮುಂಗಡವಾಗಿ ಕಟ್ಟಿಡುತ್ತಾನೆ. ಹಾಗಾಗಿ ಅದನ್ನು ಒಂದು ವಿಮೆಯೆಂದು ಬಗೆದು ಪರಿಶೀಲಿಸುವುದೇ ಸರಿಯಾದ ಕ್ರಮ.

60,000 ರೂಪಾಯಿಯ ಲ್ಯಾಪ್‌ಟಾಪ್‌ಗೆ ಎರಡು ವರ್ಷದ ವಿಸ್ತರಣೆ 6,000 ರೂಪಾಯಿ, ಒಂದು ದುರಸ್ತಿಯ ಸರಾಸರಿ ಖರ್ಚು 12,000 ರೂಪಾಯಿ ಎಂದಿಟ್ಟುಕೊಂಡರೆ, ಅಂತಹ ಲ್ಯಾಪ್‌ಟಾಪ್‌ಗಳಲ್ಲಿ ಅರ್ಧದಷ್ಟು ಆ ಅವಧಿಯಲ್ಲಿ ಕೆಟ್ಟು, ಆ ದುರಸ್ತಿಗಳೆಲ್ಲ ಷರತ್ತಿನೊಳಗೇ ಬಂದಾಗ ಮಾತ್ರ ಕೊಟ್ಟ ಹಣಕ್ಕೂ ಪಡೆದ ಸೇವೆಗೂ ಸರಿಹೋಗುತ್ತದೆ. ಇದಕ್ಕೆ ಪ್ರತಿಕೂಲವಾದ ಸಂಗತಿಯೊಂದಿದೆ. ಯಂತ್ರಗಳ ಬಾಳಿಕೆಯನ್ನು ಅಧ್ಯಯನ ಮಾಡುವವರು ‘ಸ್ನಾನತೊಟ್ಟಿ ವಕ್ರರೇಖೆ’ ಎನ್ನುವ ನಕ್ಷೆಯ ಪ್ರಕಾರ, ತಯಾರಿಕೆಯ ದೋಷಗಳು ಬಳಕೆಯ ಮೊದಲ ತಿಂಗಳುಗಳಲ್ಲೇ ಹೊರಬೀಳುತ್ತವೆ, ಸವೆತದ ದೋಷಗಳು ಹಲವು ವರ್ಷಗಳ ಮೇಲೆ ತಲೆದೋರುತ್ತವೆ, ನಡುವಿನ ಕಾಲದಲ್ಲಿ ಕೆಡುವ ಪ್ರಮಾಣ ಕಡಿಮೆ. ವಿಸ್ತರಿತ ವಾರಂಟಿ ಮಾರಾಟವಾಗುವುದು ಬಹುಮಟ್ಟಿಗೆ ಈ ನಡುವಿನ ಕಾಲಕ್ಕೆ.

ಆದರೆ ನಿರ್ಣಾಯಕವಾದುದು ಬೆಲೆಗಿಂತಲೂ ಹೊರಗಿಟ್ಟ ಅಂಶಗಳ ಪಟ್ಟಿ. ಲ್ಯಾಪ್‌ಟಾಪಿನಲ್ಲಿ ಮೊದಲು ಸೋಲುವ ಬ್ಯಾಟರಿಯನ್ನು ಸವೆಯುವ ಭಾಗವೆಂದು ಸಾಮಾನ್ಯವಾಗಿ ಕೈಬಿಡಲಾಗುತ್ತದೆ. ದಿನವೂ ತೆರೆದು ಮುಚ್ಚುವುದರಿಂದ ಸಡಿಲವಾಗಿ, ಕೊನೆಗೆ ಪರದೆಯ ಚೌಕಟ್ಟನ್ನೇ ಸೀಳುವ ಹಿಂಜ್ ಅನೇಕ ವೇಳೆ ‘ಭೌತಿಕ ಹಾನಿ’ ಎನಿಸಿಕೊಳ್ಳುತ್ತದೆ, ಅದು ಗ್ರಾಹಕನ ಅಜಾಗ್ರತೆಯಿಂದ ಆದುದಲ್ಲವೆಂದು ಸಾಧಿಸುವ ಹೊಣೆ ಗ್ರಾಹಕನ ಮೇಲೆಯೇ ಬೀಳುತ್ತದೆ. ಮಲೆನಾಡು, ಕರಾವಳಿಗಳಲ್ಲಿ ಮುಂಗಾರಿಗೆ ಮುಂಚಿನ ಗುಡುಗು ಮಳೆಯಲ್ಲಿ ಸಿಡಿಲು ಬಡಿದು ಟಿವಿ, ಮೋಡೆಮ್‌ಗಳು ಸುಟ್ಟುಹೋಗುವುದು ವರ್ಷವೂ ಕಾಣುವ ಮಾತು. ಪ್ರಕೃತಿ ವಿಕೋಪವನ್ನೂ ವೋಲ್ಟೇಜಿನ ಏರಿಳಿತವನ್ನೂ ಹೊರಗಿಡುವ ಯೋಜನೆ ಅಲ್ಲಿನ ಮನೆಗಳಿಗೆ ನೆರವಾಗುವುದಿಲ್ಲ, ಗುಡುಗು ಕೇಳಿದೊಡನೆ ಪ್ಲಗ್ ಕಿತ್ತಿಡುವ ಅಲ್ಲಿನ ರೂಢಿಯೇ ಹೆಚ್ಚಿನ ರಕ್ಷಣೆ ಕೊಡುತ್ತದೆ.

ಮಾರುವ ಕ್ರಮವೂ ಆಕ್ಷೇಪಾರ್ಹ. ಬಿಲ್ ಬರೆಯುವ ಹೊತ್ತಿಗೆ, ದೊಡ್ಡ ಮೊತ್ತದ ಪಕ್ಕದಲ್ಲಿ ಸಣ್ಣದಾಗಿ ತೋರುವಂತೆ ಈ ಮೊತ್ತವನ್ನು ಮುಂದಿಡಲಾಗುತ್ತದೆ, ಷರತ್ತುಗಳ ಹಾಳೆ ಕೈಗೆ ಬರುವುದು ಹಣ ಕೊಟ್ಟ ಮೇಲೆ. ಬ್ರಿಟನ್ನಿನಲ್ಲಿ 2003ರ ವಿಚಾರಣೆಯ ಫಲವಾಗಿ 2005ರಲ್ಲಿ ಜಾರಿಗೆ ಬಂದ ಆದೇಶವು ಇಂತಹ ವಾರಂಟಿಯನ್ನು 45 ದಿನಗಳೊಳಗೆ ರದ್ದುಪಡಿಸಿ ಹಣ ಹಿಂಪಡೆಯುವ ಅವಕಾಶ ಕಲ್ಪಿಸಿತು. ಭಾರತದಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿ, ಕೇಳದ ಸೇವೆಯನ್ನು ಆನ್‌ಲೈನ್ ಬುಟ್ಟಿಗೆ ಸದ್ದಿಲ್ಲದೆ ಸೇರಿಸುವುದನ್ನು ನಿಷೇಧಿಸಿದೆಯಾದರೂ ಅಂಗಡಿಯ ಕೌಂಟರಿನಲ್ಲಿ ನಡೆಯುವ ಒತ್ತಾಯವನ್ನು ಅದು ಮುಟ್ಟುವುದಿಲ್ಲ. ಬ್ರಿಟನ್ನಿನಂತಹ ಮರುಚಿಂತನೆಯ ಅವಧಿ ಇಲ್ಲಿಯೂ ಕಡ್ಡಾಯವಾಗಬೇಕು.

ಹಾಗೆಂದು ಎಲ್ಲ ವಿಸ್ತರಣೆಯೂ ವ್ಯರ್ಥವಲ್ಲ. ಬಿಡಿಭಾಗಗಳನ್ನು ಜೋಡಿಸಿದ ಡೆಸ್ಕ್‌ಟಾಪ್‌ಗೆ ಅದರ ಅಗತ್ಯ ತೀರ ಕಡಿಮೆ, ಏಕೆಂದರೆ ಪ್ರತಿ ಭಾಗಕ್ಕೂ ತನ್ನದೇ ವಾರಂಟಿಯಿರುತ್ತದೆ, ಕೆಟ್ಟ ಒಂದನ್ನಷ್ಟೇ ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಪೇಟೆಯಲ್ಲಿ ಕೊಂಡು ಬದಲಿಸಬಹುದು. ತೆಳು ಲ್ಯಾಪ್‌ಟಾಪ್‌ಗಳ ಸ್ಥಿತಿ ಬೇರೆ: ಅನೇಕ ಮಾದರಿಗಳಲ್ಲಿ ಮೆಮೊರಿಯನ್ನು ಮದರ್‌ಬೋರ್ಡಿಗೇ ಬೆಸೆದಿರುವುದರಿಂದ ಸಣ್ಣ ದೋಷಕ್ಕೂ ಇಡೀ ಬೋರ್ಡನ್ನು ಬದಲಿಸಬೇಕಾದೀತು. ಹಾಸ್ಟೆಲಿನಲ್ಲಿದ್ದು, ಬಸ್ಸಿನಲ್ಲಿ ಓಡಾಡುವ ವಿದ್ಯಾರ್ಥಿಗೆ, ಬಿದ್ದು ಒಡೆದದ್ದಕ್ಕೂ ನೀರು ಚೆಲ್ಲಿದ್ದಕ್ಕೂ ಅನ್ವಯಿಸುವ, ತಯಾರಕರೇ ನೇರವಾಗಿ ಕೊಡುವ ಯೋಜನೆ ಹಣಕ್ಕೆ ತಕ್ಕುದಾಗಬಲ್ಲದು. ಆಕಸ್ಮಿಕ ಹಾನಿಯ ಇಂತಹ ಯೋಜನೆಗಳನ್ನು ಕೆಲವೊಮ್ಮೆ ಖರೀದಿಯಾದ ಕೆಲವೇ ವಾರಗಳೊಳಗೆ ಪಡೆಯಬೇಕಾದರೂ, ಬರಿಯ ವಿಸ್ತರಣೆಯನ್ನು ಮೂಲ ವಾರಂಟಿ ಮುಗಿಯುವ ತನಕ ಕೊಳ್ಳಲು ಹಲವು ತಯಾರಕರು ಅವಕಾಶ ಕೊಡುತ್ತಾರೆ. ಬಿಲ್ ಬರೆಯುವ ಗಳಿಗೆಯಲ್ಲೇ ತೀರ್ಮಾನಿಸಬೇಕಾದ ನಿರ್ಬಂಧ ಗ್ರಾಹಕನಿಗೆ ಇಲ್ಲ.