ಪಾಕವೂ ಚಿತ್ರವೂ

ಮನೆಯ ಹೊಣೆಗಳನ್ನು ಎರಡು ದಿನ ಬದಿಗಿರಿಸಿ ಗಂಡಹೆಂಡಿರು ಒಂದು ನಗರಕ್ಕೆ ಹೋಗಿ, ಹಗಲು ಚಿತ್ರಶಾಲೆಗಳನ್ನು ನೋಡಿ, ಇರುಳು ಉತ್ತಮವಾದ ಭೋಜನಶಾಲೆಯಲ್ಲಿ ಉಂಡು ಬರುವ ಪದ್ಧತಿಯು ನಮ್ಮ ವಿದ್ಯಾವಂತ ಕುಟುಂಬಗಳಲ್ಲಿ ಈಚೆಗೆ ರೂಢಿಯಾಗುತ್ತಿದೆ. ಇದನ್ನು ಕಂಡು ಹಿರಿಯರಲ್ಲಿ ಕೆಲವರು ಮೂಗು ಮುರಿಯುವುದುಂಟು. ಕಲೆಯೆಲ್ಲಿ, ನಾಲಗೆಯ ಚಾಪಲ್ಯವೆಲ್ಲಿ. ಇವೆರಡನ್ನೂ ಒಂದೇ ಗಂಟಿನಲ್ಲಿ ಕಟ್ಟುವುದು ಸರಸ್ವತಿಗೆ ಅಪಚಾರವಲ್ಲವೆ ಎಂಬುದು ಅವರ ಆಕ್ಷೇಪ. ಈ ಆಕ್ಷೇಪವು ನಿಲ್ಲತಕ್ಕದ್ದಲ್ಲ. ದೋಷವಿರುವುದು ಊಟವನ್ನು ಚಿತ್ರದೊಡನೆ ಸೇರಿಸುವುದರಲ್ಲಲ್ಲ. ಊಟಕ್ಕೆ ಸಲ್ಲಿಸುವ ಮರ್ಯಾದೆಯನ್ನು ಚಿತ್ರಕ್ಕೆ ಸಲ್ಲಿಸದಿರುವುದರಲ್ಲಿ. ಇದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

ರಸವೆಂದರೇನು ಎಂಬ ಪ್ರಶ್ನೆಯನ್ನು ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ಎತ್ತಿಕೊಂಡ ಭರತಮುನಿಯು ದೃಷ್ಟಾಂತವನ್ನರಸಿ ಹೋದದ್ದು ಅಡಿಗೆಯ ಮನೆಗೆ. ನಾನಾ ವ್ಯಂಜನಗಳಿಂದ ಸಂಸ್ಕೃತವಾದ ಅನ್ನವನ್ನು ಸುಮನಸ್ಕರು ಆಸ್ವಾದಿಸಿ ಹರ್ಷಿಸುವಂತೆಯೇ ಪ್ರೇಕ್ಷಕರು ಸ್ಥಾಯಿಭಾವಗಳನ್ನು ಆಸ್ವಾದಿಸುವರೆಂದು ಆತನ ಮತ. ಅಭಿನವಗುಪ್ತನು ರಸಾನುಭವವನ್ನು ಚರ್ವಣೆಯೆಂದು ಕರೆದನು. ಎಂದರೆ ಅಗಿದು ಸವಿಯುವುದು, ನುಂಗುವುದಲ್ಲ. ರಾಜಶೇಖರನು ಕಾವ್ಯದ ಪಾಕಗಳನ್ನು ಎಣಿಸುವಾಗ ಬೇವು, ಬದನೆ, ಹುಣಿಸೆ, ಸೌತೆಗಳನ್ನೂ ಬಿಡಲಿಲ್ಲ. ನಮ್ಮ ಪಾಠಶಾಲೆಗಳಲ್ಲಿ ಬಾಯಿಂದ ಬಾಯಿಗೆ ಬಂದಿರುವ ವಿಭಾಗವು ಮೂರು: ಬಾಯಿಗಿಟ್ಟೊಡನೆ ರಸವನ್ನು ಕೊಡುವ ದ್ರಾಕ್ಷಾಪಾಕ, ಸಿಪ್ಪೆಯನ್ನು ಸುಲಿಯಬೇಕಾದ ಕದಲೀಪಾಕ, ನಾರನ್ನು ಬಿಡಿಸಿ ಕರಟವನ್ನು ಒಡೆಯಬೇಕಾದ ನಾರಿಕೇಳಪಾಕ. ಹೀಗಿರಲು ಚಿತ್ರವನ್ನು ನೋಡಿ ಊಟಕ್ಕೆ ಕುಳಿತವರನ್ನು ಹಳಿಯಲು ನಮ್ಮ ಶಾಸ್ತ್ರಕಾರರ ಬೆಂಬಲ ದೊರೆಯಲಾರದು.

ನಮ್ಮಲ್ಲಿ ಓದಿದ ಒಬ್ಬರು ಸಪತ್ನೀಕರಾಗಿ ಮೈಸೂರಿಗೆ ಹೋಗಿ ಬಂದು ತಮ್ಮ ಪ್ರವಾಸವನ್ನು ವರ್ಣಿಸಿದರು. ಜಗನ್ಮೋಹನ ಅರಮನೆಯಲ್ಲಿ ಅರ್ಧ ಗಂಟೆ. ಲಲಿತಮಹಲಿನ ಮೇಜಿನಲ್ಲಿ ಎರಡು ಗಂಟೆ. ಬಡಿಸಿದ ಪದಾರ್ಥಗಳನ್ನೆಲ್ಲ ಅನುಕ್ರಮ ತಪ್ಪದೆ ಒಪ್ಪಿಸಿದರು. ಚಿತ್ರಗಳಲ್ಲಿ ನೆನಪಿನಲ್ಲುಳಿದದ್ದು ಒಂದೇ: ‘ರವಿವರ್ಮನ ದೀಪದ ಹೆಂಗಸು’. ಆ ಚಿತ್ರವಾದರೋ ರವಿವರ್ಮನದಲ್ಲ.

ಜಗನ್ಮೋಹನ ಅರಮನೆಯು ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1861ರಲ್ಲಿ ಕಟ್ಟಲ್ಪಟ್ಟಿತು. 1915ರಲ್ಲಿ ಚಿತ್ರಶಾಲೆಯಾಗಿ, 1955ರಲ್ಲಿ ಶ್ರೀ ಜಯಚಾಮರಾಜೇಂದ್ರರ ಹೆಸರನ್ನು ಪಡೆಯಿತು. ಮೇಲೆ ಹೇಳಿದ ಮೂರು ಪಾಕಗಳಿಗೂ ಇಲ್ಲಿಯೇ ಉದಾಹರಣೆಗಳಿವೆ.

ದೀಪದ ಹೆಂಗಸನ್ನು ಬರೆದವರು ಎಸ್. ಎಲ್. ಹಳದಣಕರ್ (1882–1968), ಎದುರು ನಿಂತವಳು ಅವರ ಮಗಳೇ. ಒಂದು ಕೈಯಲ್ಲಿ ದೀಪ, ಇನ್ನೊಂದು ಕೈ ಅದಕ್ಕೆ ಮರೆ. ಬೆರಳುಗಳ ಅಂಚಿನಲ್ಲಿ ರಕ್ತವೇ ಬೆಳಗುತ್ತಿರುವಂತೆ ಕೆಂಪು, ಮುಖದ ಮೇಲೆ ಹೊಂಬೆಳಕು, ಹಿಂದೆ ನೆರಳು. ತೈಲವರ್ಣವೆಂದು ಹಲವರು ಭ್ರಮಿಸುವ ಈ ಚಿತ್ರವು ನೀರುಬಣ್ಣದ್ದು. ತೈಲದಲ್ಲಿ ತಪ್ಪಿದರೆ ಮೇಲೆ ಬಳಿದು ತಿದ್ದಬಹುದು. ನೀರುಬಣ್ಣದಲ್ಲಿ ಬೆಳಕೆಂಬುದು ಬಹುಮಟ್ಟಿಗೆ ಬಣ್ಣವನ್ನು ಹಚ್ಚದೆ ಕಾಪಾಡಿಕೊಂಡ ಕಾಗದವೇ. ಕೈ ಒಮ್ಮೆ ಜಾರಿದರೆ ದೀಪ ಆರಿತು. ಇದು ದ್ರಾಕ್ಷಾಪಾಕ: ಮಗುವೂ ನೋಡಿ ನಲಿಯಬಲ್ಲುದು. ಸುಲಭವಾಗಿ ದಕ್ಕಿತೆಂದು ಇದನ್ನು ಕೀಳೆನ್ನುವವರು ಪ್ರಸಾದಗುಣವನ್ನು ಅರಿಯದವರು. ಆದರೆ ದ್ರಾಕ್ಷಿಯೊಂದನ್ನೇ ತಿಂದು ಎದ್ದವನನ್ನು ಉಂಡವನೆಂದು ಯಾರೂ ಎನ್ನರು.

ಕದಲೀಪಾಕಕ್ಕೆ ರವಿವರ್ಮನ ಜಟಾಯುವಧೆಯೇ ಸಾಕು. ನಾಲ್ವಡಿ ಕೃಷ್ಣರಾಜ ಒಡೆಯರಿಗಾಗಿ ಆತನು ಬರೆದ ಪೌರಾಣಿಕ ಚಿತ್ರಗಳಲ್ಲಿ ಇದೊಂದು. ಅವು ಮುಗಿದ 1906ರಲ್ಲಿಯೇ ಆತನೂ ತೀರಿಕೊಂಡನು. ವಾಲ್ಮೀಕಿಯಲ್ಲಿ ರಾವಣನು ಸೀತೆಯನ್ನು ಕೆಳಗೆ ಬಿಟ್ಟು ಹಕ್ಕಿಯೊಡನೆ ಹೋರಿ ರೆಕ್ಕೆಗಳನ್ನು ಕತ್ತರಿಸುತ್ತಾನೆ. ಚಿತ್ರದಲ್ಲಿ ಸೀತೆಯು ಅವನ ತೋಳಿನಲ್ಲಿಯೇ ಇದ್ದಾಳೆ; ಖಡ್ಗವೂ ರೆಕ್ಕೆಯೂ ಅವಳ ಸನಿಹದಲ್ಲಿಯೇ ಇವೆ. ಕವಿಗೆ ಕಾಲವುಂಟು, ಒಂದಾದ ಮೇಲೊಂದನ್ನು ಹೇಳಬಲ್ಲನು. ಚಿತ್ರಕಾರನಿಗಿರುವುದು ಒಂದು ಕ್ಷಣ. ಆದಕಾರಣ ಆತನು ಮೂಲವನ್ನು ಮೀರಿ, ರಾವಣನ ರೌದ್ರ, ಪಕ್ಷಿಯ ವೀರ, ಸೀತೆಯ ಕರುಣ ಇವು ಮೂರನ್ನೂ ಒಂದೇ ಬಿಂದುವಿಗೆ ತಂದನು. ಅದಕ್ಕಿಂತಲೂ ಮಿಗಿಲಾದುದು ಸೀತೆಯು ಮುಖವನ್ನು ಮರೆಮಾಡಿಕೊಂಡಿರುವುದು. ಎಲ್ಲಕ್ಕಿಂತ ತೀವ್ರವಾದ ದುಃಖವನ್ನು ಬರೆಯದೆ ಬಿಟ್ಟದ್ದರಿಂದಲೇ ಅದು ನೋಡುವವನ ಎದೆಯಲ್ಲಿ ಮೂಡುತ್ತದೆ. ರವಿವರ್ಮನ ದೇವತೆಗಳೆಲ್ಲ ನಾಟಕದ ಪಾತ್ರಗಳಂತಿರುವರೆಂಬ ಟೀಕೆಯಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಈ ಒಂದು ಕೈಯ ಮರೆಗೆ ಆ ಟೀಕೆ ತಟ್ಟದು. ಇದು ತಿಳಿಯಬೇಕಾದರೆ ಕಥೆಯನ್ನು ನೆನೆದುಕೊಂಡು ನಿಲ್ಲಬೇಕು. ಸಿಪ್ಪೆ ತೆಳುವಾದರೂ ಸಿಪ್ಪೆಯೇ.

ಮೂರನೆಯದು ಗೋಡೆಯ ಮೇಲಿನ ಸಂತಾನಾಂಬುಜ: ಮೈಸೂರು ಒಡೆಯರ ವಂಶವನ್ನು ಕಮಲದ ಆಕಾರದಲ್ಲಿ ತೋರಿಸುವ ಸಂಪ್ರದಾಯದ ಚಿತ್ರ. ಮೊದಲ ನೋಟಕ್ಕೆ ಇದು ಬರಿಯ ಪಟ್ಟಿ. ಮುಖಗಳು ಒಂದರಂತೊಂದು, ನೆರಳುಬೆಳಕಿನ ಆಟವಿಲ್ಲ, ಕಥೆಯಿಲ್ಲ. ನೋಡುವವರು ಕ್ಷಣವೂ ನಿಲ್ಲದೆ ಮುಂದೆ ಸಾಗುತ್ತಾರೆ. ಆದರೆ ಕರಟವನ್ನು ಒಡೆಯಿರಿ. ಇದನ್ನು ಬರೆಯಿಸಿದ ಮುಮ್ಮಡಿಯವರ ಕೈಯಿಂದ 1831ರಲ್ಲಿಯೇ ಇಂಗ್ಲಿಷರು ಆಡಳಿತವನ್ನು ಕಿತ್ತುಕೊಂಡಿದ್ದರು. ಔರಸಪುತ್ರನಿಲ್ಲದೆ 1865ರಲ್ಲಿ ದತ್ತು ತೆಗೆದುಕೊಂಡರು; 1868ರಲ್ಲಿ ರಾಜ್ಯವು ಮರಳಿ ಬರುವ ಮುನ್ನವೇ ಕಣ್ಣು ಮುಚ್ಚಿದರು. ರಾಜ್ಯವಿಲ್ಲದ ರಾಜನು ತನ್ನ ಪೂರ್ವಿಕರನ್ನು ಹೂವಿನ ಎಸಳುಗಳಂತೆ ಜೋಡಿಸಿ, ಈ ಕಮಲ ಬಾಡದಿರಲೆಂದು ಗೋಡೆಗೆ ಒಪ್ಪಿಸಿದ್ದಾನೆ. ಇಷ್ಟನ್ನು ತಿಳಿದು ನೋಡಿದರೆ ಆ ಶಾಂತವಾದ ಸಾಲುಮುಖಗಳಿಂದ ಒಸರುವ ಕರುಣವು ದೀಪದ ಬೆಳಕಿಗಿಂತ ಕಡಮೆಯೇನಲ್ಲ.

ನಮ್ಮ ಮಿತ್ರರು ಮಾತು ಮುಗಿಸಿದ ಮೇಲೆ ಅವರ ಪತ್ನಿಯವರನ್ನು ಕೇಳಿದಾಗ ಆಕೆ ಮೆಲ್ಲನೆ ಹೇಳಿದ ಮಾತಿದು: ‘ಆ ದೊಡ್ಡ ತಾವರೆಯ ಮುಂದೆ ಇನ್ನಷ್ಟು ಹೊತ್ತು ನಿಲ್ಲಬೇಕೆಂದಿತ್ತು, ಊಟಕ್ಕೆ ಹೊತ್ತಾಯಿತೆಂದು ಇವರು ಕರೆದರು, ಬಂದೆ.’ ಪತಿಗೆ ಇದು ಹೊಸ ಸುದ್ದಿ. ಎರಡು ಗಂಟೆ ಎದುರುಬದುರು ಕುಳಿತು ಉಂಡರೂ ಆ ಮಾತು ಅಲ್ಲಿ ಬರಲಿಲ್ಲ.

ಈಗ ಊಟದ ಮರ್ಯಾದೆಯನ್ನು ನೋಡೋಣ. ವೈಸರಾಯರ ಬಿಡಾರಕ್ಕೆಂದು 1921ರಲ್ಲಿ ಕಟ್ಟಿದ ಲಲಿತಮಹಲು 1974ರಲ್ಲಿ ಹೋಟಲಾಯಿತು. ಹಿಂದಿನ ನೃತ್ಯಶಾಲೆಯು ಭೋಜನಶಾಲೆಯಾಯಿತು. ಇಂಥ ಮೇಜಿನಲ್ಲಿ ಒಂದು ಪದಾರ್ಥವನ್ನು ತೆಗೆದ ಹೊರತು ಇನ್ನೊಂದನ್ನು ಇಡುವುದಿಲ್ಲ. ನಡುವೆ ಬಿಡುವುಂಟು, ಆ ಬಿಡುವಿನಲ್ಲಿ ಮಾತುಂಟು. ನಮ್ಮ ಎಲೆಯೂಟದಲ್ಲಿ ಎಲ್ಲವನ್ನೂ ಒಟ್ಟಿಗೆ ಬಡಿಸಿದರೂ ತೊವ್ವೆಯಿಂದ ಮೊಸರಿನವರೆಗೆ ಒಂದು ಕ್ರಮವುಂಟು. ಮೈಸೂರುಪಾಕವನ್ನೇ ನೋಡಿರಿ. ನಾಲ್ವಡಿಯವರ ಅರಮನೆಯಲ್ಲಿ ಕಾಕಾಸುರ ಮಾದಪ್ಪನೆಂಬ ಬಾಣಸಿಗನು ಇದನ್ನು ಮೊದಲು ಮಾಡಿದನೆಂದು ಪ್ರಸಿದ್ಧಿ. ಬೇಕಾದದ್ದು ಕಡಲೆಹಿಟ್ಟು, ಸಕ್ಕರೆ, ತುಪ್ಪ ಮೂರೇ. ಕೌಶಲವೆಲ್ಲ ಹದವನ್ನು ಅರಿಯುವುದರಲ್ಲಿ. ಒಂದು ಕ್ಷಣ ಮುಂಚೆ ಇಳಿಸಿದರೆ ಮುದ್ದೆ, ಒಂದು ಕ್ಷಣ ತಡವಾದರೆ ಕಲ್ಲು. ಜಟಾಯುವಧೆಯಲ್ಲಿ ಚಿತ್ರಕಾರನು ಹಿಡಿದದ್ದೂ ಇಂಥ ಹದವನ್ನೇ. ನಾಲಗೆಯ ವಿಷಯದಲ್ಲಿ ಇಷ್ಟು ಸೂಕ್ಷ್ಮವನ್ನು ಬಲ್ಲ ನಾವು ಕಣ್ಣಿನ ವಿಷಯದಲ್ಲಿ ಮಾತ್ರ ನೂರು ಚಿತ್ರಗಳನ್ನು ಒಂದೇ ತುತ್ತಿಗೆ ನುಂಗುವುದೇಕೆ?

ಇನ್ನು ಮುಖ್ಯವಾದ ಮಾತು. ಹಿಂದಿನ ಮನೆಗಳಲ್ಲಿ ಪಂಕ್ತಿಯ ಗಂಡಸರು ಉಂಡೆದ್ದ ಮೇಲೆ ಹೆಂಗಸರ ಊಟ. ಬಿಸಿಯಾದುದನ್ನು ಬಡಿಸಿದವಳೇ ಆರಿದುದನ್ನು ಉಂಡಳು. ಸವಿಯಾದುದನ್ನು ಒಬ್ಬನೇ ಉಣ್ಣಬಾರದೆಂಬ ಹಿರಿಯರ ವಿಧಿಯನ್ನು ನಾವು ಅತಿಥಿಗಳ ವಿಷಯದಲ್ಲಿ ಪಾಲಿಸಿದೆವು, ಹೆಂಡತಿಯ ವಿಷಯದಲ್ಲಿ ಮರೆತೆವು. ಇಂದು ದಂಪತಿಗಳು ಒಂದೇ ಮೇಜಿನಲ್ಲಿ, ಒಂದೇ ಹೊತ್ತಿಗೆ ಬಿಸಿಯನ್ನವನ್ನು ಉಣ್ಣುವುದು ಸಣ್ಣ ಲಾಭವಲ್ಲ. ಇದನ್ನು ವಿಲಾಸವೆಂದು ಜರೆಯುವವರು ಹಳೆಯ ಅನ್ಯಾಯಕ್ಕೆ ಸಂಪ್ರದಾಯವೆಂದು ಹೆಸರಿಡುವವರು. ಆದರೆ ಸಹಭೋಜನವು ಬಂದಷ್ಟು ಸುಲಭವಾಗಿ ಸಹದರ್ಶನವು ಬರಲಿಲ್ಲ. ಚಿತ್ರಶಾಲೆಯಲ್ಲಿ ಇಂದಿಗೂ ಪತಿಯು ಮುಂದೆ, ವಿವರಣೆಯೂ ಅವನದೇ. ಪತ್ನಿಯ ಕಣ್ಣಿಗೆ ಆರಿದ ಅನ್ನ. ಸಹೃದಯನೆಂದರೆ ಸಮಾನವಾದ ಹೃದಯವುಳ್ಳವನು. ಕವಿಯೊಡನೆ ಸಹೃದಯನಾಗಬಯಸುವವನು ಪಕ್ಕದಲ್ಲಿ ನಿಂತವಳೊಡನೆ ಮೊದಲು ಆಗಬೇಡವೆ?

ಆದಕಾರಣ ಪ್ರವಾಸ ಹೊರಡುವ ವಾಚಕರಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ. ಚಿತ್ರಶಾಲೆಯನ್ನು ಎಲೆಯೆಂದು ಭಾವಿಸಿರಿ. ಮೂರೋ ನಾಲ್ಕೋ ಚಿತ್ರಗಳು ಸಾಕು; ಅವುಗಳಲ್ಲಿ ಒಂದನ್ನಾದರೂ ಅವಳು ಆರಿಸಲಿ, ಅವಳು ಹೊರಟಾಗ ಹೊರಡಿರಿ. ಅನಂತರ ಊಟಕ್ಕೆ ಕುಳಿತು, ಪದಾರ್ಥಕ್ಕೂ ಪದಾರ್ಥಕ್ಕೂ ನಡುವಣ ಬಿಡುವಿನಲ್ಲಿ ಅವಳು ಏನನ್ನು ಕಂಡಳೆಂದು ಕೇಳಿರಿ. ಚರ್ವಣೆಯೆಂದು ಆಚಾರ್ಯರು ಹೇಳಿದ್ದು ಆ ಮಾತಿನಲ್ಲಿ ತೊಡಗುತ್ತದೆ.