ಜಾವಾದ ದಿನಾಂಕ ದುರಸ್ತಿ: ಒಂದು ವಿಮರ್ಶೆ

ದಿನಾಂಕ ಬರೆಯುವುದರಲ್ಲಿ ಕಷ್ಟವೇನಿದೆ ಎಂದು ನಿಮಗನ್ನಿಸಬಹುದು. 03/04/2014 ಎಂಬುದನ್ನು ನೋಡಿ. ನಮಗೆ ಅದು ಏಪ್ರಿಲ್ 3. ಅಮೆರಿಕದವರಿಗೆ ಮಾರ್ಚ್ 4. ಇಂಥ ಗೊಂದಲ ನಿವಾರಿಸಲು 1988ರಲ್ಲಿ ಐಎಸ್‌ಒ 8601 ಎಂಬ ಮಾನಕ ಬಂದಿತು. ಅದರ ಪ್ರಕಾರ ಮೊದಲು ವರ್ಷ, ಬಳಿಕ ತಿಂಗಳು, ಕೊನೆಗೆ ದಿನ. ಆದರೆ ಹಲವರು ಸೇರಿ ಬರೆಯುವ ತಂತ್ರಾಂಶದಲ್ಲಿ ಮಾನಕವೊಂದಿದ್ದರೆ ಸಾಲದು. ದಿನಾಂಕವನ್ನು ಓದುವ, ಬರೆಯುವ ಫಂಕ್ಷನ್‌ಗಳೂ ಸರಿಯಿರಬೇಕು. ಜಾವಾ ಭಾಷೆಯ ಅನುಭವ ಇದಕ್ಕೆ ಒಳ್ಳೆಯ ನಿದರ್ಶನ.

1996ರಲ್ಲಿ ಹೊರಬಂದ ಜಾವಾದ ಮೊದಲ ಆವೃತ್ತಿಯಲ್ಲಿ 'ಡೇಟ್' ಎಂಬ ವರ್ಗವಿತ್ತು. ಅದರಲ್ಲಿ ವರ್ಷದ ಎಣಿಕೆ 1900ರಿಂದ, ತಿಂಗಳಿನದು ಸೊನ್ನೆಯಿಂದ, ದಿನದ್ದು ಮಾತ್ರ ಒಂದರಿಂದ! ಹೀಗಾಗಿ 2014ರ ಏಪ್ರಿಲ್ 3ನ್ನು 114, 3, 3 ಎಂದು ಕೊಡಬೇಕಿತ್ತು. 1997ರಲ್ಲಿ 'ಕ್ಯಾಲೆಂಡರ್' ವರ್ಗ ಸೇರಿತು. ವರ್ಷದ ಎಣಿಕೆ ಸರಿಹೋಯಿತು. ತಿಂಗಳು ಸೊನ್ನೆಯಲ್ಲೇ ಉಳಿಯಿತು.

ದಿನಾಂಕಕ್ಕೆ ರೂಪ ಕೊಡುವ 'ಸಿಂಪಲ್‌ಡೇಟ್‌ಫಾರ್ಮ್ಯಾಟ್' ವರ್ಗದ ದೋಷ ಇನ್ನೂ ಸೂಕ್ಷ್ಮವಾದುದು. ಅದು ಲೆಕ್ಕದ ನಡುವಿನ ಅಂಕೆಗಳನ್ನು ತನ್ನೊಳಗೇ ಇಟ್ಟುಕೊಳ್ಳುತ್ತದೆ. ಒಂದೇ ಸ್ಲೇಟಿನಲ್ಲಿ ಇಬ್ಬರು ವಿದ್ಯಾರ್ಥಿಗಳು ಏಕಕಾಲಕ್ಕೆ ಲೆಕ್ಕ ಮಾಡಿದರೆ ಏನಾದೀತು? ಎರಡು ಥ್ರೆಡ್‌ಗಳು ಅದನ್ನು ಹಂಚಿಕೊಂಡಾಗ ಆಗುವುದೂ ಅದೇ. ಒಬ್ಬರ ದಿನಾಂಕ ಇನ್ನೊಬ್ಬರ ಕಡತಕ್ಕೆ ಸೇರಬಹುದು.

2014ರ ಮಾರ್ಚ್‌ನಲ್ಲಿ ಬಂದ ಜಾವಾ 8ರಲ್ಲಿ ಈ ಭಾಗವನ್ನು ಹೊಸದಾಗಿ ಕಟ್ಟಲಾಯಿತು. ಸ್ಟೀಫನ್ ಕೋಲ್‌ಬೋರ್ನ್ ಅವರ 'ಜೋಡಾ-ಟೈಮ್' ಲೈಬ್ರರಿಯ ಅನುಭವ ಇದಕ್ಕೆ ಬುನಾದಿ. ಇಲ್ಲಿ ಜನವರಿ ಎಂದರೆ 1. ಬರಿಯ ದಿನಾಂಕ, ಬರಿಯ ವೇಳೆ, ಕಾಲವಲಯ ಸಹಿತ ವೇಳೆ - ಇವುಗಳಿಗೆ ಬೇರೆ ಬೇರೆ ವರ್ಗಗಳಿವೆ. ಒಮ್ಮೆ ರಚಿಸಿದ ವಸ್ತು ಬದಲಾಗದು. ಆದ್ದರಿಂದ ಸ್ಲೇಟಿನ ಜಗಳವೂ ಇಲ್ಲ. ಇಷ್ಟನ್ನು ಮೆಚ್ಚಲೇಬೇಕು.

ಆದರೂ ಮೂರು ಆಕ್ಷೇಪಗಳಿವೆ.

ಮೊದಲನೆಯದು, ಇಲ್ಲದ ದಿನಾಂಕದ ಪ್ರಶ್ನೆ. 30/02/2023 ಎಂದು ಕೊಟ್ಟರೆ ಹಳೆಯ ಫಂಕ್ಷನ್ ಅದನ್ನು ಮಾರ್ಚ್ 2 ಎಂದು ಓದುತ್ತದೆ. ಹೊಸದಕ್ಕೆ ದಿನ/ತಿಂಗಳು/ವರ್ಷದ ಮಾದರಿಯನ್ನಷ್ಟೇ ಕೊಟ್ಟರೆ ಫೆಬ್ರವರಿ 28 ಎನ್ನುತ್ತದೆ. ಎರಡೂ ತಪ್ಪು, ಎರಡೂ ಮೌನವಾಗಿ ತಪ್ಪುತ್ತವೆ. ದೋಷವನ್ನು ತಿಳಿಸುವ ಕಟ್ಟುನಿಟ್ಟಿನ ವಿಧಾನವನ್ನು ನಾವೇ ಕೇಳಿ ಪಡೆಯಬೇಕು. ಆಗ ವರ್ಷಕ್ಕೆ ವೈ ಬದಲು ಯು ಅಕ್ಷರ ಬಳಸಬೇಕೆಂಬುದು ಮತ್ತೊಂದು ತೊಡಕು.

ಎರಡನೆಯದು, ಎರಡಂಕಿಯ ವರ್ಷ. ಹಳೆಯ ಫಂಕ್ಷನ್ ಇಂದಿನಿಂದ 80 ವರ್ಷ ಹಿಂದೆ, 20 ವರ್ಷ ಮುಂದೆ ನೋಡಿ ಶತಮಾನ ನಿರ್ಧರಿಸುತ್ತದೆ. 60 ಎಂದರೆ 1960. ಹೊಸದರಲ್ಲಿ ಅದು 2060! ಒಂದನ್ನು ಕಿತ್ತು ಇನ್ನೊಂದನ್ನು ಹಾಕಿದವರು ಇದನ್ನು ಗಮನಿಸದಿದ್ದರೆ, ನಿವೃತ್ತಿಯ ವಯಸ್ಸು ದಾಟಿದವರು ಇನ್ನೂ ಹುಟ್ಟಿಯೇ ಇಲ್ಲವೆಂದು ಗಣಕ ಹೇಳೀತು.

ಮೂರನೆಯದು, ಹಳೆಯ ಬಲೆಯನ್ನು ಹಾಗೆಯೇ ಉಳಿಸಿಕೊಂಡದ್ದು. ಮಾದರಿಯಲ್ಲಿ ಇಂಗ್ಲಿಷಿನ ಸಣ್ಣ ವೈ ಬರೆದರೆ ಸಾಮಾನ್ಯ ವರ್ಷ, ದೊಡ್ಡ ವೈ ಬರೆದರೆ ವಾರಗಳ ಲೆಕ್ಕದ ವರ್ಷ. 2014ರ ಡಿಸೆಂಬರ್ 29, ಸೋಮವಾರ, 2015ರ ಮೊದಲ ವಾರಕ್ಕೆ ಸೇರುತ್ತದೆ. ದೊಡ್ಡ ವೈ ಬಳಸಿದವರಿಗೆ ಅಂದು ಮುದ್ರಣವಾಗುವ ವರ್ಷ 2015. ವರ್ಷದ ಬಹುಪಾಲು ದಿನಗಳಲ್ಲಿ ಎರಡೂ ಒಂದೇ ಉತ್ತರ ಕೊಡುವುದರಿಂದ ತಪ್ಪು ಕಣ್ಣಿಗೆ ಬೀಳುವುದಿಲ್ಲ.

ಹಳೆಯ ವರ್ಗಗಳನ್ನು ಜಾವಾದಿಂದ ತೆಗೆದುಹಾಕಿಲ್ಲ. ಅವುಗಳನ್ನು ನೆಚ್ಚಿಕೊಂಡ ತಂತ್ರಾಂಶಗಳು ಅಸಂಖ್ಯ. ಆದ್ದರಿಂದ ಈ ನಿರ್ಧಾರ ಸರಿಯೇ. ಆದರೆ ಒಂದೇ ತಂತ್ರಾಂಶದಲ್ಲಿ ಎರಡೂ ಬಗೆ ಬೆರೆತಾಗ ಅಪಾಯ ಹೆಚ್ಚು. ಶುದ್ಧೀಕರಣಕ್ಕೆ ಕೈಹಾಕುವ ಮೊದಲು ಹಳೆಯ ಫಂಕ್ಷನ್ ಯಾವ ದಿನಾಂಕಕ್ಕೆ ಯಾವ ಉತ್ತರ ಕೊಡುತ್ತದೆಂದು ಬರೆದಿಟ್ಟುಕೊಳ್ಳಿ. ಹೊಸದು ಅದಕ್ಕಿಂತ ಭಿನ್ನವಾದರೆ, ಆ ವ್ಯತ್ಯಾಸ ಬೇಕಾದದ್ದೇ ಎಂದು ಕೇಳಿ.

ಅಧ್ಯಾಪಕರು ಇದನ್ನು ಪ್ರಯೋಗಶಾಲೆಯ ಅಭ್ಯಾಸವಾಗಿಸಬಹುದು. 29-02-1900, 29-02-2000, 30-02-2023, 29-12-2014 - ಈ ನಾಲ್ಕನ್ನು ಎರಡೂ ಬಗೆಯ ಫಂಕ್ಷನ್‌ಗಳಿಗೆ ಕೊಡಿಸಿ. ಉತ್ತರಗಳ ಕಾರಣವನ್ನು ವಿದ್ಯಾರ್ಥಿಗಳೇ ವಿವರಿಸಲಿ.